ಕಾಮಿಡಿ-ಡ್ರಾಮಾ ಸಿನಿಮಾ ಮನೆಮಂದಿಯೆಲ್ಲ ಕೂತು ನೋಡುವಂಥದ್ದೇ? ಟಿಕೆಟ್ ತೆಗೆಯುವ ಮೊದಲು ತಿಳಿಯುವ ಕ್ರಮ

ಪೋಸ್ಟರ್ ಮೇಲೆ ‘ಫ್ಯಾಮಿಲಿ ಎಂಟರ್‌ಟೈನರ್’ ಅಂತ ಇತ್ತು, ಟ್ರೇಲರ್ ನೋಡಿ ಎಲ್ಲರೂ ನಕ್ಕಿದ್ದರು, ಅಜ್ಜಿಯಿಂದ ಹಿಡಿದು ಒಂದನೇ ಕ್ಲಾಸಿನ ಮಗುವಿನವರೆಗೆ ಎಲ್ಲರಿಗೂ ಟಿಕೆಟ್ ತೆಗೆದಾಯಿತು. ಸಿನಿಮಾ ಶುರುವಾಗಿ ಅರ್ಧ ಗಂಟೆಯೊಳಗೆ ಒಬ್ಬರ ಮುಖ ಒಬ್ಬರು ನೋಡಲಾಗದ ಮುಜುಗರ, ಇಂಟರ್ವಲ್ ಆದ ಮೇಲೆ ಮಗುವಿನ ಅಳು. ಕಾಮಿಡಿ-ಡ್ರಾಮಾ ಆರಿಸುವಾಗ ಹೆಚ್ಚಿನ ಮನೆಗಳು ಎಡವುವುದು ಹೀಗೆ.

ಆಕ್ಷನ್ ಅಥವಾ ಹಾರರ್ ಚಿತ್ರದಲ್ಲಿ ಈ ತೊಂದರೆ ಕಡಿಮೆ, ಒಳಗೆ ಏನಿದೆ ಎಂದು ಹೊರಗೇ ಗೊತ್ತಾಗುತ್ತದೆ. ಕಾಮಿಡಿ-ಡ್ರಾಮಾದಲ್ಲಿ ಹೊರಗೆ ತೋರಿಸುವುದು ಮೊದಲರ್ಧದ ನಗು. ಸಾವು, ಸಾಲ, ಕಾಯಿಲೆ, ಗಂಡ-ಹೆಂಡತಿಯ ಜಗಳ ಎಲ್ಲವನ್ನೂ ಎರಡನೇ ಅರ್ಧಕ್ಕೆ ಬಚ್ಚಿಟ್ಟಿರುತ್ತಾರೆ. ಹಾಗಾಗಿ ಪರೀಕ್ಷೆಯ ಹೆಚ್ಚಿನ ಸಮಯವನ್ನು ಎರಡನೇ ಅರ್ಧಕ್ಕೇ ಕೊಡಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿದರೆ ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಕ್ರಮ ತಪ್ಪಿಸಬೇಡಿ. ಮೊದಲು ಟ್ರೇಲರ್ ನೋಡಿ ಇಷ್ಟಪಟ್ಟುಬಿಟ್ಟರೆ ಆಮೇಲೆ ಸಿಗುವ ಎಚ್ಚರಿಕೆಗಳನ್ನು ಮನಸ್ಸು ತಳ್ಳಿಹಾಕತೊಡಗುತ್ತದೆ.

ಬೇಕಾಗುವ ಸಾಮಗ್ರಿ

ಒಂದು ಹಾಳೆ, ಪೆನ್ನು, ಮೊಬೈಲ್, ಇಯರ್‌ಫೋನ್. ಇಯರ್‌ಫೋನ್ ಕಡ್ಡಾಯ. ಮೊಬೈಲಿನ ಸ್ಪೀಕರ್‌ನಲ್ಲಿ ಹಿನ್ನೆಲೆಯ ಪಿಸುಮಾತು, ಪೂರ್ತಿ ಮ್ಯೂಟ್ ಆಗದ ಬೈಗುಳ ಕೇಳಿಸುವುದಿಲ್ಲ. ಥಿಯೇಟರಿನಲ್ಲಿ ಅವೆಲ್ಲ ಸ್ಪಷ್ಟವಾಗಿ ಕೇಳಿಸುತ್ತವೆ. ಜೊತೆಗೆ, ಆ ಸಿನಿಮಾ ಈಗಾಗಲೇ ನೋಡಿರುವ, ನಿಮ್ಮ ಮನೆಯ ರೀತಿ ಗೊತ್ತಿರುವ ಒಬ್ಬರು ಸಿಕ್ಕರೆ ಬಹಳ ಒಳ್ಳೆಯದು.

ಹಂತ 1: ಯಾರ ಜೊತೆ ಕೂರುತ್ತೀರಿ ಎಂದು ಬರೆಯಿರಿ

ಸಿನಿಮಾದ ವಿಷಯಕ್ಕೆ ಹೋಗುವ ಮೊದಲು ಹಾಳೆಯಲ್ಲಿ ಮೂರು ಸಾಲು ಬರೆಯಿರಿ.

ಮೊದಲ ಸಾಲು: ಜೊತೆಗೆ ಬರುವ ಅತಿ ಚಿಕ್ಕ ಮಗುವಿನ ವಯಸ್ಸು. ಏಳರ ಒಳಗಿನ ಮಕ್ಕಳಿಗೆ ತೆರೆಯ ಮೇಲೆ ಅಮ್ಮ ಸತ್ತರೆ ಅದು ಕಥೆ ಎಂದು ಬಿಡಿಸಿ ನೋಡುವುದು ಕಷ್ಟ. ಎಂಟರಿಂದ ಹನ್ನೆರಡರವರಿಗೆ ಕಥೆ ಅರ್ಥವಾಗುತ್ತದೆ, ಆದರೆ ಕೇಳಿದ ಮಾತು ಮಾರನೇ ದಿನ ಶಾಲೆಯಲ್ಲಿ ಬಾಯಿಗೆ ಬರುತ್ತದೆ. ಹದಿಮೂರು ದಾಟಿದವರಿಗೆ ಎಲ್ಲವೂ ಅರ್ಥವಾಗುತ್ತದೆ. ಅಪ್ಪ-ಅಮ್ಮನ ಪಕ್ಕ ಕೂತು ಅದನ್ನು ನೋಡಬೇಕಾದ ಸಂಕೋಚವೇ ಅವರ ತೊಂದರೆ.

ಎರಡನೇ ಸಾಲು: ಹಿರಿಯರು ಮತ್ತು ಸಂಬಂಧ. ಗೆಳೆಯರ ಜೊತೆ ನಗುವ ಮಾತಿಗೆ ಮಾವನವರ ಪಕ್ಕ ಕೂತು ನಗಲಾಗುವುದಿಲ್ಲ. ಹೊಸದಾಗಿ ಮದುವೆಯಾದ ಸೊಸೆ ಅತ್ತೆ-ಮಾವನ ಜೊತೆ ಮೊದಲ ಸಲ ಸಿನಿಮಾಕ್ಕೆ ಹೊರಟಿದ್ದರೆ ಅಳತೆಗೋಲನ್ನು ಇನ್ನೂ ಬಿಗಿ ಮಾಡಿ.

ಮೂರನೇ ಸಾಲನ್ನು ಹೆಚ್ಚಿನವರು ಬರೆಯುವುದೇ ಇಲ್ಲ: ಮನೆಯಲ್ಲಿ ಈಚೆಗೆ ಏನಾಗಿದೆ? ವರ್ಷದೊಳಗೆ ಸಾವು, ಗರ್ಭಪಾತ, ಕ್ಯಾನ್ಸರ್ ಚಿಕಿತ್ಸೆ, ಮುರಿದ ನಿಶ್ಚಿತಾರ್ಥ, ವಿಚ್ಛೇದನ, ಸಾಲದ ಜಗಳ ಇದ್ದರೆ ಬರೆದಿಡಿ. ಅತ್ಯಂತ ಶುದ್ಧ ಭಾಷೆಯ, ಒಂದೇ ಒಂದು ಪೋಲಿ ಮಾತಿಲ್ಲದ ಸಿನಿಮಾ ಕೂಡ ಈ ಗಾಯವನ್ನು ಮುಟ್ಟಿದರೆ ಆ ಮನೆಗೆ ಆ ದಿನಕ್ಕೆ ಸಲ್ಲದು.

ಮೂರೂ ಸಾಲು ನೋಡಿಕೊಂಡು ‘ಇದು ಇದ್ದರೆ ಬೇಡವೇ ಬೇಡ’ ಅನ್ನುವ ಮೂರು ವಿಷಯಗಳನ್ನು ಕೆಳಗೆ ಬರೆಯಿರಿ. ಮೂರೇ ಇರಲಿ. ಹತ್ತು ಬರೆದರೆ ಯಾವ ಸಿನಿಮಾವೂ ದಾಟುವುದಿಲ್ಲ, ಕೊನೆಗೆ ಬೇಸತ್ತು ಯಾವುದೋ ಒಂದಕ್ಕೆ ಹೋಗುತ್ತೀರಿ.

ಹಂತ 2: ಪ್ರಮಾಣಪತ್ರವನ್ನು ಪೂರ್ತಿ ಓದಿ

ಥಿಯೇಟರಿಗೆ ಬರುವ ಪ್ರತಿ ಚಿತ್ರಕ್ಕೂ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಪ್ರಮಾಣಪತ್ರ ಇರಲೇಬೇಕು. ನಾವೆಲ್ಲ ಸೆನ್ಸಾರ್ ಸರ್ಟಿಫಿಕೇಟ್ ಎನ್ನುವುದು ಇದನ್ನೇ. ಮೊದಲು ಯು, ಯುಎ, ಎ, ಎಸ್ ಎಂಬ ನಾಲ್ಕು ದರ್ಜೆಗಳಿದ್ದವು. ಎಸ್ ವೈದ್ಯರಂಥ ವಿಶೇಷ ವರ್ಗಕ್ಕೆ ಮಾತ್ರ, ನಮಗೆ ಸಂಬಂಧವಿಲ್ಲ. 2023ರ ತಿದ್ದುಪಡಿ ಕಾಯ್ದೆ ಮತ್ತು 2024ರ ನಿಯಮಗಳ ನಂತರ ಯುಎ ದರ್ಜೆ ಮೂರಾಗಿ ಒಡೆಯಿತು: ಯುಎ 7+, ಯುಎ 13+, ಯುಎ 16+.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಹೀಗಿವೆ.

‘ಯುಎ ತಾನೇ, ಮಕ್ಕಳನ್ನು ಕರ್ಕೊಂಡು ಹೋಗಬಹುದು’ ಎನ್ನುವುದು ಮೊದಲನೆಯದು. ಯುಎ 7+ಗೂ ಯುಎ 16+ಗೂ ಅಜಗಜಾಂತರ. ಟಿಕೆಟ್ ಆ್ಯಪ್‌ನಲ್ಲಿ ಅಕ್ಷರದ ಮುಂದಿನ ಸಂಖ್ಯೆ ಸಣ್ಣದಾಗಿ ಕಾಣುತ್ತದೆ, ಅದನ್ನೇ ಹುಡುಕಿ ನೋಡಿ. ಹಳೆಯ ಚಿತ್ರಗಳಲ್ಲಿ ಬರೀ ಯುಎ ಇರುತ್ತದೆ. ಆಗ ಅದರ ಅರ್ಥ, 12ರ ಒಳಗಿನ ಮಕ್ಕಳ ವಿಷಯದಲ್ಲಿ ಹೆತ್ತವರು ಯೋಚಿಸಿ ತೀರ್ಮಾನಿಸಬೇಕು ಎಂದಷ್ಟೇ. ಇವತ್ತಿನ ಲೆಕ್ಕದಲ್ಲಿ ಅದು 7+ ಆಗುತ್ತಿತ್ತೋ 16+ ಆಗುತ್ತಿತ್ತೋ ಎಂದು ಪ್ರಮಾಣಪತ್ರದಿಂದ ಹೇಳಲಾಗದು.

ಎರಡನೆಯದು, ಗೇಟಿನಲ್ಲಿ ತಡೆಯಲಿಲ್ಲ, ಆದ್ದರಿಂದ ಸರಿಯಿದೆ ಎಂಬ ಭಾವನೆ. ಎ ಪ್ರಮಾಣಪತ್ರದ ಚಿತ್ರಕ್ಕೆ ಮಾತ್ರ 18 ತುಂಬದವರನ್ನು ಬಿಡುವಂತಿಲ್ಲ ಎಂಬ ಕಟ್ಟಳೆ ಇದೆ. ಯುಎ ಸಂಖ್ಯೆಗಳು ಹೆತ್ತವರಿಗೆ ಕೊಟ್ಟ ಸೂಚನೆ. ಐದು ವರ್ಷದ ಮಗುವಿನೊಂದಿಗೆ 16+ ಚಿತ್ರಕ್ಕೆ ಹೋದರೂ ಯಾರೂ ಕೇಳುವುದಿಲ್ಲ. ತೀರ್ಮಾನ ಪೂರ್ತಿ ನಿಮ್ಮದೇ.

ಮೂರನೆಯದು ಅಕ್ಷರದ ಗೊಂದಲ. ಸಿನಿಮಾ ಶುರುವಾಗುವ ಮುನ್ನ ತೆರೆಯ ಮೇಲೆ ಬರುವ ಪ್ರಮಾಣಪತ್ರದಲ್ಲಿ ದೇವನಾಗರಿಯ ‘ಅ’ ಇದ್ದರೆ ಅದು ಯು ದರ್ಜೆ. ವಯಸ್ಕರ ಚಿತ್ರಕ್ಕೆ ದೇವನಾಗರಿಯ ‘ವ’ ಇರುತ್ತದೆ. ಇಂಗ್ಲಿಷಿನ ‘ಎ’ ಮತ್ತು ಹಿಂದಿಯ ‘ಅ’ ಒಂದೇ ಎಂದುಕೊಂಡು ಹೆದರಿದವರಿದ್ದಾರೆ.

ಅದೇ ಪ್ರಮಾಣಪತ್ರದಲ್ಲಿ ಚಿತ್ರದ ಭಾಷೆ, ಅವಧಿ, ದಿನಾಂಕವೂ ಇರುತ್ತವೆ. ಅವಧಿಯನ್ನು ಹಾಳೆಯಲ್ಲಿ ಬರೆದುಕೊಳ್ಳಿ, 6ನೇ ಹಂತದಲ್ಲಿ ಬೇಕಾಗುತ್ತದೆ.

ಇನ್ನು ಯು ಎಂದರೆ ಕಣ್ಣುಮುಚ್ಚಿ ಹೋಗಬಹುದೇ? ಇಲ್ಲ. ಕೀಳು ಅಭಿರುಚಿಗೆ ಎಡೆಮಾಡುವ ದ್ವಂದ್ವಾರ್ಥದ ಮಾತು ಇರಕೂಡದು ಎಂದು 1991ರ ಮಾರ್ಗಸೂಚಿಯಲ್ಲೇ ಇದೆ. ಆದರೂ ಒಂದು ಮಾತಿನಲ್ಲಿ ಎರಡು ಅರ್ಥ ಇದೆಯೋ ಇಲ್ಲವೋ ಎಂಬುದು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬದಲಾಗುತ್ತದೆ. ಮಂಡ್ಯದ ಕಡೆ ಪ್ರೀತಿಯಿಂದ ಕರೆಯುವ ಪದ ಧಾರವಾಡದ ಮನೆಯಲ್ಲಿ ಕಿವಿ ಮುಚ್ಚಿಸಬಹುದು. ಮೈಬಣ್ಣ, ದಪ್ಪ ಮೈ, ತೊದಲು ಮಾತನ್ನು ಆಡಿಕೊಳ್ಳುವ ಹಾಸ್ಯ ಯು ಚಿತ್ರದಲ್ಲೂ ಧಾರಾಳವಾಗಿ ಸಿಗುತ್ತದೆ. ಚಿತ್ರ ಯಾವ ವಯಸ್ಸಿನವರಿಗೆ ಎಂದು ಪ್ರಮಾಣಪತ್ರ ಹೇಳುತ್ತದೆ, ಯಾವ ಮನೆಗೆ ಎಂದು ಹೇಳುವುದಿಲ್ಲ.

ಹಂತ 3: ಟ್ರೇಲರನ್ನು ಎರಡು ಸಲ ನೋಡಿ, ಎರಡು ರೀತಿ

ಮೊದಲ ಸಲ ಶಬ್ದ ಪೂರ್ತಿ ತೆಗೆದು ನೋಡಿ. ಸಂಗೀತ ಇಲ್ಲದಿದ್ದರೆ ದೃಶ್ಯ ಬೆತ್ತಲಾಗಿ ಕಾಣುತ್ತದೆ. ಕ್ಯಾಮೆರಾ ನಾಯಕಿಯ ಮುಖದ ಮೇಲಿದೆಯೋ ಬೇರೆಲ್ಲೋ ಇದೆಯೋ, ಎಷ್ಟು ದೃಶ್ಯಗಳಲ್ಲಿ ಬಾರ್ ಟೇಬಲ್ ಇದೆ, ಹೊಡೆತ ಬಿದ್ದವರ ಮೈಮೇಲೆ ರಕ್ತ ಇದೆಯೋ ಎಂದು ಗುರುತು ಹಾಕಿ.

ಎರಡನೇ ಸಲ ಇಯರ್‌ಫೋನ್ ಹಾಕಿ, ಕಣ್ಣು ಮುಚ್ಚಿ ಕೇಳಿ. ಡಬಲ್ ಮೀನಿಂಗ್ ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಗಮನವಿಟ್ಟು ಕೇಳಿದರೆ ಅಂಥ ಮಾತಿಗೆ ಒಂದು ಮಾದರಿ ಇರುವುದು ತಿಳಿಯುತ್ತದೆ: ಸಾದಾ ವಾಕ್ಯ, ವಾಕ್ಯದ ಕೊನೆಯ ಪದದ ಮೊದಲು ಅರ್ಧ ಕ್ಷಣ ತಡೆ, ಆ ಪದ ಬಿದ್ದ ಕೂಡಲೇ ಹಿನ್ನೆಲೆಯಲ್ಲಿ ‘ಟೊಂಯ್’ ಎಂಬ ಸದ್ದು. ಈಗ ಕಣ್ಣು ತೆರೆದು ಅದೇ ಜಾಗಕ್ಕೆ ಹಿಂದೆ ಹೋಗಿ ನೋಡಿ. ಮಾತಾಡಿದವನಿಂದ ಕ್ಯಾಮೆರಾ ಸರಕ್ಕನೆ ಕೇಳಿದವರ ಮುಖಕ್ಕೆ ತಿರುಗಿರುತ್ತದೆ, ಅವರು ಕಣ್ಣರಳಿಸಿರುತ್ತಾರೆ ಅಥವಾ ಸೆರಗು ಸರಿಮಾಡಿಕೊಂಡಿರುತ್ತಾರೆ. ತಡೆ, ಸದ್ದು, ಮುಖ ಮೂರೂ ಸೇರಿದರೆ ಅದು ಉದ್ದೇಶಪೂರ್ವಕ. ಎರಡೂವರೆ ನಿಮಿಷದ ಟ್ರೇಲರಿನಲ್ಲಿ ಇಂಥದ್ದು ಮೂರು ಸಿಕ್ಕಿದರೆ ಇಡೀ ಚಿತ್ರದ ಹಾಸ್ಯ ನಿಂತಿರುವುದೇ ಅದರ ಮೇಲೆ ಎಂದು ತಿಳಿಯಿರಿ. ಒಂದೇ ಇದ್ದರೆ ಅದು ಒಬ್ಬ ಹಾಸ್ಯನಟನ ಪಾತ್ರಕ್ಕೆ ಸೀಮಿತವಾಗಿರಬಹುದು, ಮುಂದಿನ ಹಂತಗಳಲ್ಲಿ ತಿಳಿಯುತ್ತದೆ.

ಯೂಟ್ಯೂಬಿನಲ್ಲಿ ಬರುವ ಟ್ರೇಲರ್‌ಗೆ ಸೆನ್ಸಾರ್ ಪ್ರಮಾಣಪತ್ರ ಬೇಕಿಲ್ಲ. ಥಿಯೇಟರಿನಲ್ಲಿ ಮ್ಯೂಟ್ ಆಗುವ ಮಾತು ಅಲ್ಲಿ ಹಾಗೇ ಇರಬಹುದು. ಎಲ್ಲ ಹಸನಾಗಿ ಕಾಣುವಂತೆ ಕತ್ತರಿಸಿದ ಟ್ರೇಲರೂ ಇರಬಹುದು. ಆದ್ದರಿಂದ ಟ್ರೇಲರಿನಲ್ಲಿ ಕೆಟ್ಟದ್ದು ಕಂಡರೆ ನಂಬಿ, ಕಾಣದಿದ್ದರೆ ನಿರಾಳವಾಗಬೇಡಿ.

ಹಾಡುಗಳನ್ನು ಬಿಡಬೇಡಿ. ಬಿಡುಗಡೆಗೆ ಮೊದಲೇ ಲಿರಿಕಲ್ ವಿಡಿಯೋಗಳು ಬಂದಿರುತ್ತವೆ. ಎಣ್ಣೆ ಹಾಡು, ಐಟಂ ಸಾಂಗ್, ಹುಡುಗಿ ಕೈಕೊಟ್ಟಳೆಂದು ಹೆಣ್ಣುಕುಲವನ್ನೇ ಬೈಯುವ ಹಾಡು, ಈ ಮೂರು ಬಗೆಗೆ ಕಿವಿಗೊಡಿ. ಮಕ್ಕಳು ಸಿನಿಮಾದಿಂದ ಮನೆಗೆ ತರುವುದು ಮೊದಲು ಹಾಡನ್ನೇ.

ಹಂತ 4: ಇಂಟರ್ವಲ್ ಆಚೆಗೆ ಏನಿದೆ ಎಂದು ಪತ್ತೆಹಚ್ಚಿ

ಹೆಚ್ಚಿನವರು ಪೂರ್ತಿ ಬಿಟ್ಟುಬಿಡುವ ಹಂತ ಇದು. ಇಲ್ಲಿ ಹದಿನೈದು ನಿಮಿಷವಾದರೂ ಕೊಡಿ.

ಕಾಮಿಡಿ-ಡ್ರಾಮಾದ ಟ್ರೇಲರಿನಲ್ಲಿ ಕೊನೆಯ 20-30 ಸೆಕೆಂಡು ಬೇರೆ ರೀತಿ ಇರುತ್ತದೆ. ಗದ್ದಲದ ಸಂಗೀತ ನಿಂತು ಪಿಟೀಲೋ ಕೊಳಲೋ ಬರುತ್ತದೆ, ಮಾತು ಕಡಿಮೆಯಾಗುತ್ತದೆ, ಮುಖಗಳು ಹತ್ತಿರವಾಗುತ್ತವೆ. ಆ ಅರ್ಧ ನಿಮಿಷವನ್ನು ಅರ್ಧ ವೇಗದಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿ.

ಹೀಗೊಂದು ಟ್ರೇಲರ್ ಅಂದುಕೊಳ್ಳಿ. ಹಳ್ಳಿಯ ಮದುವೆ ಮನೆ, ಜಗಳಗಂಟ ಬೀಗರು, ಅಡುಗೆ ಭಟ್ಟರ ಎಡವಟ್ಟು, ಎರಡು ನಿಮಿಷ ನಗುವೋ ನಗು. ಕೊನೆಯಲ್ಲಿ ವಧುವಿನ ಅಪ್ಪ ರಾತ್ರಿ ಒಬ್ಬರೇ ಜಗುಲಿಯಲ್ಲಿ ಕೂತಿದ್ದಾರೆ, ಕೈಯಲ್ಲಿ ಒಂದು ಕಾಗದ. ಮುಂದಿನ ಚೂರಿನಲ್ಲಿ ಮಗಳು ಬಾಗಿಲು ಬಡಿಯುತ್ತಿದ್ದಾಳೆ. ಅದರ ಮುಂದಿನದ್ದರಲ್ಲಿ ಆಸ್ಪತ್ರೆಯ ಕಾರಿಡಾರ್. ಮೂರು ಚೂರು ಸೇರಿ ನಾಲ್ಕು ಸೆಕೆಂಡ್ ಇಲ್ಲ. ಆದರೆ ಕಾಗದ, ಮುಚ್ಚಿದ ಬಾಗಿಲು, ಆಸ್ಪತ್ರೆ ಈ ಕ್ರಮದಲ್ಲಿ ಬಂದರೆ ಸಾಲಕ್ಕೆ ಸಿಕ್ಕಿದ ಅಪ್ಪ ಆತ್ಮಹತ್ಯೆಗೆ ಯತ್ನಿಸುವ ದೃಶ್ಯ ಇರುವ ಸಾಧ್ಯತೆ ಹೆಚ್ಚು. ಮದುವೆ ಮನೆಯ ನಗು ನೋಡಿ ಏಳು ವರ್ಷದ ಮಗುವನ್ನು, ಸಾಲದಲ್ಲಿ ನಲುಗಿದ ಚಿಕ್ಕಪ್ಪನನ್ನು ಕರೆದುಕೊಂಡು ಹೋದವರಿಗೆ ಆ ಎಚ್ಚರಿಕೆ ಟ್ರೇಲರಿನಲ್ಲೇ ಸಿಕ್ಕಿತ್ತು.

ಹೀಗೆ ಹುಡುಕಬೇಕಾದ ಇತರ ಸುಳಿವುಗಳು: ತಲೆಗೆ ಬಟ್ಟೆ ಕಟ್ಟಿದ ಅಥವಾ ಕೂದಲು ಬೋಳಿಸಿದ ಪಾತ್ರ (ಕ್ಯಾನ್ಸರ್), ಹಾರ ಹಾಕಿದ ಫೋಟೋ, ಖಾಲಿ ತೊಟ್ಟಿಲು, ಕೋರ್ಟ್ ಆವರಣದಲ್ಲಿ ಗಂಡ-ಹೆಂಡತಿ ದೂರ ದೂರ ನಿಂತಿರುವುದು, ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟುಹೋದ ಮಗು ಅಥವಾ ಮುದುಕರು. ಹಾಡುಗಳ ಪಟ್ಟಿಯಲ್ಲಿ ಕೊನೆಯ ಹಾಡಿನ ಸಾಹಿತ್ಯ ಓದಿದರೂ ಕಥೆ ಎತ್ತ ತಿರುಗುತ್ತದೆ ಎಂದು ತಿಳಿಯುತ್ತದೆ.

ಸಾವು ಇದ್ದ ಮಾತ್ರಕ್ಕೆ ಬೇಡ ಎನ್ನಬೇಕಿಲ್ಲ. ಅಜ್ಜ ನಿಧಾನವಾಗಿ ವಯಸ್ಸಾಗಿ ಹೋಗುವುದು, ಮನೆಯವರು ಸೇರಿ ಅಳುವುದು, ಮತ್ತೆ ಬದುಕು ಸಾಗುವುದು, ಇದನ್ನು ಎಂಟು ವರ್ಷದ ಮಗುವೂ ಹಿರಿಯರ ಪಕ್ಕ ಕೂತು ನೋಡಬಹುದು, ನೋಡಿದರೆ ಒಳ್ಳೆಯದೇ. ತೊಂದರೆ ಇರುವುದು ಮೂರು ಕಡೆ: ಸಾವು ಹಠಾತ್ತಾಗಿ ಬಂದಾಗ, ಸಾಯುವುದು ಮಗುವಿನ ಅಪ್ಪ ಅಥವಾ ಅಮ್ಮ ಆದಾಗ, ಆತ್ಮಹತ್ಯೆಯ ವಿಧಾನವನ್ನು ತೋರಿಸಿದಾಗ ಅಥವಾ ಅದನ್ನು ತ್ಯಾಗ ಎಂದು ಮೆರೆಸಿದಾಗ. ಮೂರನೆಯದು ಇದ್ದರೆ ಹದಿಹರೆಯದವರನ್ನೂ ಕರೆದುಕೊಂಡು ಹೋಗಬೇಡಿ. ಗೊತ್ತಿಲ್ಲದೆ ನೋಡಿ ಯಾರಾದರೂ ಕಂಗೆಟ್ಟಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಹಂತ 5: ನಗು ಯಾರ ಮೇಲೆ ಬೀಳುತ್ತಿದೆ ಎಂದು ನೋಡಿ

ಟ್ರೇಲರ್ ಜೊತೆಗೆ ಚಿತ್ರತಂಡ ಬಿಟ್ಟ ಒಂದೆರಡು ಹಾಸ್ಯದ ತುಣುಕುಗಳನ್ನು ತೆಗೆದುಕೊಳ್ಳಿ. ಪ್ರತಿ ಜೋಕಿಗೂ ಒಂದೇ ಪ್ರಶ್ನೆ ಹಾಕಿ: ಇಲ್ಲಿ ನಗೆಪಾಟಲಾಗುತ್ತಿರುವವರು ಯಾರು, ಮತ್ತು ಅವರು ಮಾಡಿದ ತಪ್ಪೇನು?

ಜಿಪುಣ ಮಾವ, ಬಡಾಯಿ ಕೊಚ್ಚುವ ಅಳಿಯ, ಲಂಚ ಕೇಳುವ ಗುಮಾಸ್ತ, ಸುಳ್ಳು ಹೇಳಿ ಸಿಕ್ಕಿಹಾಕಿಕೊಳ್ಳುವ ನಾಯಕ, ಇವರು ತಮ್ಮ ನಡತೆಯಿಂದ ನಗೆಗೀಡಾಗುತ್ತಾರೆ. ಇಂಥ ಹಾಸ್ಯ ಎಲ್ಲ ವಯಸ್ಸಿಗೂ ಸಲ್ಲುತ್ತದೆ. ಕಪ್ಪಗಿರುವ ಹುಡುಗಿ, ಕುಳ್ಳಗಿರುವ ಗೆಳೆಯ, ತೊದಲುವ ಮೇಷ್ಟ್ರು, ಮನೆಗೆಲಸದಾಕೆ, ಲಿಂಗತ್ವ ಅಲ್ಪಸಂಖ್ಯಾತರು ಇರುವ ಹಾಗೆ ಇರುವುದಕ್ಕೇ ನಗೆಗೀಡಾದರೆ ಅಲ್ಲಿ ಎಚ್ಚರ ಬೇಕು. ನಿಮ್ಮ ಪಕ್ಕ ಕೂತ ಹನ್ನೊಂದು ವರ್ಷದ ಹುಡುಗಿಗೆ ಶಾಲೆಯಲ್ಲಿ ಅದೇ ಅಡ್ಡಹೆಸರು ಇರಬಹುದು. ಇಡೀ ಥಿಯೇಟರ್ ನಗುವಾಗ ಅವಳು ಒಬ್ಬಳೇ ನಗದೆ ಕೂತಿರುತ್ತಾಳೆ, ಮನೆಯವರ ಗಮನಕ್ಕೂ ಬರುವುದಿಲ್ಲ. ಪೋಲಿ ಮಾತಿಗಿಂತ ಇದು ಮಕ್ಕಳ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಆದರೂ ಮನೆಗಳಲ್ಲಿ ಇದರ ಬಗ್ಗೆ ಚರ್ಚೆಯೇ ಆಗದಿರುವುದು ಬೇಸರದ ಸಂಗತಿ.

ಇನ್ನೊಂದು ನೋಡಬೇಕಾದದ್ದು ನಾಯಕ ನಾಯಕಿಯ ಹಿಂದೆ ಬೀಳುವ ರೀತಿ. ಬೇಡ ಎಂದ ಮೇಲೂ ಬಿಡದೆ ಕಾಲೇಜು, ಬಸ್ಸು, ಮನೆಯವರೆಗೆ ಹಿಂಬಾಲಿಸುವುದನ್ನು ಹಾಸ್ಯವೆಂದು ತೋರಿಸಿ, ಕೊನೆಗೆ ಅವಳು ಒಪ್ಪಿದಂತೆ ಮಾಡಿದರೆ ಹದಿನಾಲ್ಕರ ಹುಡುಗನಿಗೆ ಹೋಗುವ ಪಾಠ ಕೆಟ್ಟದ್ದು. ಹೆಂಡತಿಗೆ ಕಪಾಳಕ್ಕೆ ಹೊಡೆದು ನಗು ಹುಟ್ಟಿಸುವ ದೃಶ್ಯವೂ ಇದೇ ಸಾಲಿಗೆ ಸೇರುತ್ತದೆ.

ಒಂದು ವಿನಾಯಿತಿ ಇದೆ. ಕಥೆಯೇ ಆ ನಡತೆಯನ್ನು ಪ್ರಶ್ನಿಸಿದರೆ, ಅಣಕಿಸಿದವನು ಕೊನೆಗೆ ತಲೆತಗ್ಗಿಸಿದರೆ, ಅದೇ ದೃಶ್ಯ ಮನೆಯಲ್ಲಿ ಒಳ್ಳೆಯ ಮಾತುಕತೆಗೆ ದಾರಿಯಾಗುತ್ತದೆ. ಅದು ಹೌದೋ ಅಲ್ಲವೋ ಎಂಬುದು ಟ್ರೇಲರಿನಿಂದ ತಿಳಿಯದು, ನೋಡಿದವರನ್ನೇ ಕೇಳಬೇಕು.

ಹಂತ 6: ಯಾವ ಆವೃತ್ತಿ ಎಂದು ಖಚಿತಪಡಿಸಿಕೊಳ್ಳಿ

ಒಂದೇ ಸಿನಿಮಾ ಮೂರು ಕಡೆ ಮೂರು ರೂಪದಲ್ಲಿ ಇರಬಹುದು.

ಓಟಿಟಿಯಲ್ಲಿ ದರ್ಜೆ ಕೊಡುವುದು ಆಯಾ ವೇದಿಕೆಯೇ. 2021ರ ಐಟಿ ನಿಯಮಗಳ ಪ್ರಕಾರ ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂದು ವರ್ಗೀಕರಿಸಿ, ಜೊತೆಗೆ ಒಳಗೆ ಏನಿದೆ ಎಂಬ ಸೂಚನೆಯನ್ನೂ ತೋರಿಸಬೇಕು. ಶುರುವಿನಲ್ಲಿ ಮೂಲೆಯಲ್ಲಿ ಕೆಲವು ಕ್ಷಣ ಬಂದು ಹೋಗುವ ಆ ಪದಗಳನ್ನು (ಒರಟು ಭಾಷೆ, ಮದ್ಯಪಾನ, ಲೈಂಗಿಕ ಪ್ರಸ್ತಾಪ, ಆತ್ಮಹತ್ಯೆ ಇತ್ಯಾದಿ) ಬರೆದುಕೊಳ್ಳಿ. ಸಂಖ್ಯೆಗಿಂತ ಈ ಪದಗಳೇ ಹೆಚ್ಚು ಉಪಯುಕ್ತ, ಏಕೆಂದರೆ ಹಂತ 1ರ ನಿಮ್ಮ ಮೂರು ‘ಬೇಡ’ಗಳ ಜೊತೆ ನೇರ ಹೋಲಿಸಬಹುದು.

ಈಗ ಅವಧಿ ಹೋಲಿಸಿ. ಥಿಯೇಟರ್ ಪ್ರಮಾಣಪತ್ರದಲ್ಲಿ 138 ನಿಮಿಷ, ಓಟಿಟಿಯಲ್ಲಿ 144 ನಿಮಿಷ ಎಂದಿದ್ದರೆ ಏನೋ ಸೇರಿದೆ. ಅದು ಕತ್ತರಿಸಿದ್ದ ಹಾಡೂ ಆಗಿರಬಹುದು, ಸೆನ್ಸಾರ್ ತೆಗೆಸಿದ್ದ ದೃಶ್ಯವೂ ಆಗಿರಬಹುದು. ಥಿಯೇಟರಿನಲ್ಲಿ ಮ್ಯೂಟ್ ಆಗಿದ್ದ ಮಾತು ಓಟಿಟಿಯಲ್ಲಿ ಕೇಳಿಸುವುದೂ ಉಂಟು, ಅದಕ್ಕೆ ಅವಧಿ ಬದಲಾಗುವುದಿಲ್ಲ. ‘ನಾವು ಟಾಕೀಸಿನಲ್ಲಿ ನೋಡಿದ್ವಿ, ಏನೂ ಇರಲಿಲ್ಲ’ ಎಂಬ ಮಾತಿನ ಮೇಲೆ ಓಟಿಟಿ ಆವೃತ್ತಿಯನ್ನು ಮಕ್ಕಳಿಗೆ ಹಾಕಿಕೊಡಬೇಡಿ.

ಟಿವಿಯ ವಿಷಯ ಇದರ ತಿರುಗುಮುರುಗು. ಎ ಪ್ರಮಾಣಪತ್ರದ ಚಿತ್ರವನ್ನು ಹಾಗೇ ಪ್ರಸಾರ ಮಾಡುವಂತಿಲ್ಲ, ಕತ್ತರಿಸಿ ಮತ್ತೆ ಪ್ರಮಾಣಪತ್ರ ಪಡೆಯಬೇಕು. ಆದ್ದರಿಂದ ಟಿವಿಯಲ್ಲಿ ಹಿಡಿಸಿದ ಚಿತ್ರದ ಮೂಲ ಆವೃತ್ತಿ ಬೇರೆಯೇ ಇರಬಹುದು.

ಡಬ್ ಆದ ಚಿತ್ರಕ್ಕೆ ಪ್ರತ್ಯೇಕ ಪ್ರಮಾಣಪತ್ರ ಇರುತ್ತದೆ. ಮಲಯಾಳಂ ಅಥವಾ ತೆಲುಗಿನಲ್ಲಿ ಸೌಮ್ಯವಾಗಿದ್ದ ಮಾತನ್ನು ಡಬ್ಬಿಂಗ್‌ನಲ್ಲಿ ಖಾರ ಮಾಡಿರುವುದೂ, ಖಾರ ಇದ್ದದ್ದನ್ನು ತೆಳು ಮಾಡಿರುವುದೂ ಇದೆ. ನೀವು ನೋಡಲಿರುವ ಭಾಷೆಯ ತುಣುಕನ್ನೇ ಕೇಳಿ. ಸಬ್‌ಟೈಟಲ್ ಹಾಕುವುದಾದರೆ ಅದನ್ನೂ ನೋಡಿ. ಆಡುವ ಭಾಷೆ ಮಗುವಿಗೆ ಬರದಿದ್ದರೂ ಇಂಗ್ಲಿಷ್ ಅಕ್ಷರದಲ್ಲಿ ಬಂದ ಬೈಗುಳವನ್ನು ಓದಿಬಿಡುತ್ತದೆ.

ಹಂತ 7: ನೋಡಿದವರನ್ನು ಸರಿಯಾದ ಪ್ರಶ್ನೆ ಕೇಳಿ

‘ಸಿನಿಮಾ ಹೇಗಿದೆ?’ ಎಂದರೆ ‘ಸೂಪರ್’ ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ‘ಮಕ್ಕಳ ಜೊತೆ ನೋಡಬಹುದಾ?’ ಎಂಬುದೂ ಸಾಲದು, ಅವರ ಮಕ್ಕಳ ವಯಸ್ಸೇ ಬೇರೆ. ಹೀಗೆ ಕೇಳಿ:

– ನಿಮ್ಮ ಅಮ್ಮನ ಪಕ್ಕ ಕೂತಿದ್ದರೆ ಯಾವ ದೃಶ್ಯದಲ್ಲಿ ಇರಿಸುಮುರಿಸಾಗುತ್ತಿತ್ತು?
– ಇಂಟರ್ವಲ್ ಆದ ಮೇಲೆ ಯಾರಾದರೂ ಸಾಯುತ್ತಾರಾ? ಹೇಗೆ?
– ಚಿಕ್ಕ ಮಗು ಅಳುವಂಥದ್ದು, ಬೆಚ್ಚಿಬೀಳುವಂಥದ್ದು ಎಲ್ಲಿದೆ?
– ಮನೆಗೆ ಬಂದ ಮೇಲೆ ನಿಮ್ಮ ಮಕ್ಕಳು ಯಾವ ಮಾತು ಹೇಳುತ್ತಿದ್ದಾರೆ?

ಕಥೆ ಮುಂಚೆಯೇ ತಿಳಿದುಬಿಡುತ್ತದೆ ಎಂಬ ಅಳುಕು ಬೇಡ. ಮನೆಯಲ್ಲಿ ಒಬ್ಬರಿಗೆ ತಿಳಿದರೆ ಸಾಕು, ಉಳಿದವರಿಗೆ ಹೇಳಬೇಕಿಲ್ಲ.

ಕನ್ನಡ ಚಿತ್ರಗಳಿಗೆ ಬಿಡುಗಡೆಯ ಹಿಂದಿನ ದಿನ ಪೇಯ್ಡ್ ಪ್ರೀಮಿಯರ್ ಇಡುವುದು ಈಗ ಸಾಮಾನ್ಯ. ಚಿತ್ರತಂಡದ ಆಪ್ತರೂ ಅಭಿಮಾನಿಗಳೂ ತುಂಬಿರುವ ಆ ಪ್ರದರ್ಶನದಿಂದ ಹೊರಬಂದವರು ಮೈಕಿನ ಮುಂದೆ ಹೇಳುವ ‘ಮನೆಮಂದಿಯೆಲ್ಲ ನೋಡಬಹುದು’ ಎಂಬ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೊದಲ ಭಾನುವಾರ ಕಳೆಯಲಿ, ಮಕ್ಕಳನ್ನು ಕರೆದುಕೊಂಡು ಹೋದ ನಿಜವಾದ ಮನೆಗಳ ಅಭಿಪ್ರಾಯ ಆಗ ಸಿಗುತ್ತದೆ.

ಐಎಂಡಿಬಿ ತಾಣದಲ್ಲಿ ಹೆತ್ತವರಿಗಾಗಿ ಒಂದು ಪುಟ ಇದೆ. ಲೈಂಗಿಕ ದೃಶ್ಯ, ಹಿಂಸೆ, ಬೈಗುಳ, ಮದ್ಯ-ಮಾದಕ, ಭಯ ಹುಟ್ಟಿಸುವ ದೃಶ್ಯ ಎಂದು ಐದು ಭಾಗ ಮಾಡಿ ನೋಡಿದವರೇ ಬರೆಯುತ್ತಾರೆ. ಹಿಂದಿಯ ದೊಡ್ಡ ಚಿತ್ರಗಳಿಗೆ ಚೆನ್ನಾಗಿ ತುಂಬಿರುತ್ತದೆ, ಕನ್ನಡದ ಸಣ್ಣ ಚಿತ್ರಗಳ ಪುಟ ಎಷ್ಟೋ ಸಲ ಖಾಲಿ. ಖಾಲಿ ಇದ್ದರೆ ಏನೂ ಇಲ್ಲ ಎಂದರ್ಥವಲ್ಲ, ಯಾರೂ ಬರೆದಿಲ್ಲ ಎಂದರ್ಥ.

ಚಿತ್ರ ಬ್ರಿಟನ್ನಿನ ಥಿಯೇಟರುಗಳಲ್ಲೂ ಬಿಡುಗಡೆಯಾಗಿದ್ದರೆ ಅಲ್ಲಿನ ಮಂಡಳಿ ಬಿಬಿಎಫ್‌ಸಿಯ ತಾಣದಲ್ಲಿ ಹೆಸರು ಹಾಕಿ ಹುಡುಕಿ. ದರ್ಜೆಯ ಜೊತೆಗೆ ಯಾವ ಕಾರಣಕ್ಕೆ ಆ ದರ್ಜೆ ಎಂದೂ ಬರೆದಿರುತ್ತಾರೆ. ಬೆಂಗಳೂರಿನಲ್ಲಿ ಕೂತವರಿಗೂ ಇದು ಉಪಯೋಗ. ಲಂಡನ್ನಿನ ಕನ್ನಡಿಗರು ನೆನಪಿಡಬೇಕಾದದ್ದು: 12ಎ ಎಂದರೆ 12ರ ಒಳಗಿನ ಮಕ್ಕಳು ದೊಡ್ಡವರ ಜೊತೆ ಹೋಗಬಹುದು, 15 ಎಂದರೆ 15ರ ಒಳಗಿನವರನ್ನು ದೊಡ್ಡವರ ಜೊತೆಗೂ ಬಿಡುವುದಿಲ್ಲ. ಅಮೆರಿಕದಲ್ಲಿ ಭಾರತೀಯ ಚಿತ್ರಗಳು ದರ್ಜೆಯೇ ಇಲ್ಲದೆ ಬಿಡುಗಡೆಯಾಗುವುದು ಹೆಚ್ಚು, ಹಾಗಾಗಿ ಅಲ್ಲಿರುವವರು ಇಲ್ಲಿನ ಪ್ರಮಾಣಪತ್ರವನ್ನೇ ನೋಡಿಕೊಳ್ಳಬೇಕು.

ಹಂತ 8: ಮನೆಯಲ್ಲಿ ನೋಡುವುದಾದರೆ ಇಪ್ಪತ್ತು ನಿಮಿಷ ಮೊದಲೇ ಸವಿದು ನೋಡಿ

ಓಟಿಟಿಯಲ್ಲಿ ಈ ಅನುಕೂಲ ಇದೆ, ಬಳಸಿಕೊಳ್ಳಿ. ಮೊದಲ ಐದು ನಿಮಿಷ ನೋಡಿ, ಭಾಷೆಯ ಮಟ್ಟ ಅಲ್ಲೇ ತಿಳಿಯುತ್ತದೆ. ತಂಬಾಕು ಸೇವನೆಯ ದೃಶ್ಯ ಇರುವ ಚಿತ್ರದ ಶುರುವಿನಲ್ಲಿ ಆರೋಗ್ಯ ಎಚ್ಚರಿಕೆಯ ತುಣುಕು ಬರಬೇಕೆಂಬ ನಿಯಮ 2023ರಿಂದ ಓಟಿಟಿಗೂ ಇದೆ, ಅದನ್ನೂ ಗಮನಿಸಿ. ಆಮೇಲೆ ಇಂಟರ್ವಲ್ ಸುತ್ತಮುತ್ತಲಿನ ಐದು ನಿಮಿಷ. ಕೊನೆಗೆ, ಮುಗಿಯಲು ನಲವತ್ತು ನಿಮಿಷ ಇರುವಾಗಿನಿಂದ ಹತ್ತು ನಿಮಿಷ. ಡ್ರಾಮಾದ ಅತಿ ಭಾರವಾದ ದೃಶ್ಯ ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಕೊನೆಯ ಹತ್ತು ನಿಮಿಷ ಎಲ್ಲ ಸರಿಹೋಗುವುದಕ್ಕೆ ಮೀಸಲು. ಕ್ಲೈಮ್ಯಾಕ್ಸ್ ಮಾತ್ರ ನೋಡಿ ‘ಸುಖಾಂತ್ಯ, ಸರಿ’ ಎಂದುಕೊಳ್ಳುವುದು ಇಲ್ಲಿ ಆಗುವ ತಪ್ಪು.

ಪ್ರೊಫೈಲ್ ಲಾಕ್ ಹಾಕುವುದನ್ನು ಇದೇ ಹೊತ್ತಿಗೆ ಮುಗಿಸಿ. ಯು/ಎ 13+ ಮತ್ತು ಅದಕ್ಕೆ ಮೇಲಿನ ದರ್ಜೆಗೆ ಪೇರೆಂಟಲ್ ಲಾಕ್ ಸೌಲಭ್ಯ ಕೊಡಲೇಬೇಕೆಂದು ನಿಯಮ ಇದೆ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ನಾಲ್ಕಂಕಿಯ ಪಿನ್ ಇಡಿ. ಹುಟ್ಟಿದ ವರ್ಷವನ್ನೇ ಪಿನ್ ಮಾಡಬೇಡಿ, ಮಕ್ಕಳು ಮೊದಲು ಒತ್ತುವುದು ಅದನ್ನೇ.

ಹಂತ 9: ತೀರ್ಮಾನ

ಹಾಳೆ ಮುಂದಿಟ್ಟುಕೊಳ್ಳಿ. ಮೂರು ‘ಬೇಡ’ಗಳಲ್ಲಿ ಒಂದು ಖಚಿತವಾಗಿ ಇದ್ದರೆ ಎಲ್ಲರ ಜೊತೆ ನೋಡುವುದು ಬೇಡ. ನಟ ಯಾರೇ ಆಗಿರಲಿ, ವಿಮರ್ಶೆ ಎಷ್ಟೇ ಚೆನ್ನಾಗಿರಲಿ.

ಒಂದೂ ಇಲ್ಲ, ಆದರೆ ಎರಡನೇ ಅರ್ಧದ ಬಗ್ಗೆ ಅನುಮಾನ ಇದ್ದರೆ ದೊಡ್ಡವರಲ್ಲಿ ಇಬ್ಬರು ಮೊದಲು ನೋಡಿ ಬನ್ನಿ, ಅಥವಾ ಓಟಿಟಿಗೆ ಬರುವವರೆಗೆ ಕಾಯಿರಿ. ಒಳ್ಳೆಯ ಸಿನಿಮಾ ನಾಲ್ಕು ವಾರದಲ್ಲಿ ಹಳಸುವುದಿಲ್ಲ.

ಕೆಲವೊಮ್ಮೆ ಮನೆಯನ್ನು ಎರಡು ತಂಡ ಮಾಡುವುದೇ ಸರಿಯಾದ ಉತ್ತರ. ಹದಿಹರೆಯದವರು ಒಬ್ಬ ಅಕ್ಕನ ಜೊತೆ ಒಂದು ಚಿತ್ರಕ್ಕೆ, ಅಜ್ಜಿ ಮತ್ತು ಚಿಕ್ಕ ಮಗು ಇನ್ನೊಂದಕ್ಕೆ. ಎಲ್ಲರೂ ಒಂದೇ ಸಿನಿಮಾ ನೋಡಲೇಬೇಕೆಂಬ ಹಟದಿಂದಲೇ ಎಷ್ಟೋ ಭಾನುವಾರಗಳು ಹಾಳಾಗುತ್ತವೆ.

ಮತ್ತೊಂದು ಸಣ್ಣ ಲೆಕ್ಕ: ಅವಧಿ. ಐದು ವರ್ಷದ ಮಗುವಿಗೆ ಇಂಟರ್ವಲ್ ಸೇರಿ ಎರಡೂಮುಕ್ಕಾಲು ಗಂಟೆ ಕೂರುವುದು ಶಿಕ್ಷೆ. ಚಿತ್ರ ಎಷ್ಟೇ ಶುದ್ಧವಾಗಿದ್ದರೂ 150 ನಿಮಿಷ ದಾಟಿದರೆ ಆ ಮಗುವನ್ನು ಮನೆಯಲ್ಲಿ ಬಿಡುವ ಏರ್ಪಾಟು ಮಾಡಿ. ರಾತ್ರಿ ಹತ್ತರ ಆಟವಂತೂ ಬೇಡ.

ಹಂತ 10: ಥಿಯೇಟರಿನೊಳಗೆ

ಸೀಟು ತೆಗೆಯುವಾಗ ಸಾಲಿನ ತುದಿಯವು, ಬಾಗಿಲ ಕಡೆಯವು ಇರಲಿ. ನಡುವಿನ ಸೀಟಿನಿಂದ ಅಳುವ ಮಗುವನ್ನು ಎತ್ತಿಕೊಂಡು ಹತ್ತು ಜನರ ಕಾಲು ದಾಟಿ ಬರಬೇಕಾದ ಸಂಕಟದಿಂದಲೇ ಎಷ್ಟೋ ಹೆತ್ತವರು ‘ಇರಲಿ ಬಿಡು’ ಎಂದು ಕೂತುಬಿಡುತ್ತಾರೆ. ತೀರಾ ಚಿಕ್ಕವರನ್ನು ನಿಮ್ಮ ಮತ್ತು ಇನ್ನೊಬ್ಬ ದೊಡ್ಡವರ ನಡುವೆ ಕೂರಿಸಿ.

ಎದ್ದುಬರಬೇಕು ಎಂಬುದಕ್ಕೆ ಗುರುತುಗಳು: ಮಗು ಕಿವಿ ಮುಚ್ಚಿಕೊಳ್ಳುವುದು, ಮುಖವನ್ನು ನಿಮ್ಮ ತೋಳಿಗೆ ಒತ್ತಿಕೊಳ್ಳುವುದು, ‘ಮನೆಗೆ ಹೋಗೋಣ’ ಎಂದು ಎರಡನೇ ಸಲ ಹೇಳುವುದು, ಮಾತಾಡುತ್ತಿದ್ದ ಮಗು ಒಮ್ಮೆಗೇ ಸುಮ್ಮನಾಗುವುದು. ಹಿರಿಯರಲ್ಲಾದರೆ ಮೊಬೈಲ್ ತೆಗೆದು ಸುಮ್ಮನೆ ನೋಡತೊಡಗುವುದು, ಪದೇಪದೇ ನೀರು ಕುಡಿಯುವುದು. ಅವರು ಬಾಯಿಬಿಟ್ಟು ಹೇಳುವುದಿಲ್ಲ.

ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಸಾಲಿಗೆ ಓಡುವ ಮೊದಲು ಎರಡು ನಿಮಿಷ ಎಲ್ಲರ ಮುಖ ನೋಡಿ. ಮೊದಲರ್ಧವೇ ಭಾರವಾಗಿದ್ದರೆ ಎರಡನೆಯದು ಇನ್ನೂ ಭಾರವಾಗಿರುತ್ತದೆ, ಅಲ್ಲಿಂದಲೇ ಹೊರಡಿ. ಟಿಕೆಟಿನ ದುಡ್ಡು ಹೇಗೂ ಹೋಗಿದೆ, ಅದಕ್ಕಾಗಿ ಇನ್ನೊಂದು ಗಂಟೆ ಮಗುವನ್ನು ಕೂರಿಸಬೇಕಿಲ್ಲ.

ಮುಜುಗರದ ಮಾತು ಬಂದೇಬಿಟ್ಟರೆ ಮಗುವಿನ ಕಣ್ಣು-ಕಿವಿ ಮುಚ್ಚಲು ಹೋಗಬೇಡಿ, ಮುಚ್ಚಿದ್ದರಿಂದಲೇ ಕುತೂಹಲ ಹೆಚ್ಚುತ್ತದೆ. ‘ಹಾಗಂದ್ರೆ ಏನಮ್ಮಾ?’ ಎಂದು ಕೇಳಿದರೆ ‘ಒರಟು ಮಾತು ಮಗಾ, ಮನೆಗೆ ಹೋಗಿ ಹೇಳ್ತೀನಿ’ ಎನ್ನಿ. ಮನೆಗೆ ಬಂದ ಮೇಲೆ ಮಲಗುವ ಮುನ್ನ ನೀವಾಗಿಯೇ ಆ ವಿಷಯ ತೆಗೆದು ವಯಸ್ಸಿಗೆ ತಕ್ಕಂತೆ ಎರಡು ವಾಕ್ಯದಲ್ಲಿ ಹೇಳಿ. ಹೇಳುತ್ತೇನೆಂದು ಹೇಳದೇ ಬಿಟ್ಟರೆ ಮುಂದಿನ ಸಲ ಮಗು ಕೇಳುವುದು ನಿಮ್ಮನ್ನಲ್ಲ, ಗೆಳೆಯರನ್ನು.